ನಗುವ ಕಡುಬು

ಚಾಂದ್ರಮಾನದ ಹೊಸ ವರ್ಷ ಸಮೀಪಿಸಿತೆಂದರೆ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಮತ್ತು ಫೂಜಿಯನ್ ಪ್ರಾಂತಗಳಲ್ಲಿ, ತೈವಾನ್ ದ್ವೀಪದಲ್ಲಿ, ಹಾಗೂ ಆ ಸೀಮೆಗಳಿಂದ ವಲಸೆ ಹೋದವರು ನೆಲೆಸಿರುವ ಸಿಂಗಪುರ, ಮಲೇಷ್ಯಗಳಲ್ಲಿ ಅನೇಕ ಮನೆಗಳ ಒಲೆಯ ಮೇಲೆ ಹಬೆಯ ಪಾತ್ರೆ ಏರುತ್ತದೆ. ಪಿತೃಗಳಿಗೂ ದೇವತೆಗಳಿಗೂ ಅರ್ಪಿಸುವ ಭಕ್ಷ್ಯಗಳಲ್ಲಿ ‘ಫಾ ಗಾವೊ’ ಎಂಬ ಕಡುಬು ಒಂದು. ‘ಫಾ’ ಎಂಬ ಮಾತಿಗೆ ಹಿಟ್ಟು ಉಬ್ಬುವುದು ಎಂಬ ಅರ್ಥವೂ ಉಂಟು, ಸಂಪತ್ತು ಬೆಳೆಯುವುದು ಎಂಬ ಅರ್ಥವೂ ಉಂಟು. ‘ಗಾವೊ’ ಎಂದರೆ ಈ ಬಗೆಯ ಕಡುಬು. ಅದೇ ಉಚ್ಚಾರಣೆಯ ಮತ್ತೊಂದು ಪದಕ್ಕೆ ಎತ್ತರವೆಂದು ಅರ್ಥ. ಚಿಕ್ಕ ಬಟ್ಟಲಿನಲ್ಲಿ ಬೇಯುತ್ತಿರುವಾಗಲೇ ಇದರ ನೆತ್ತಿ ಬಿರಿದು ಮೂರೋ ನಾಲ್ಕೋ ಎಸಳುಗಳಾಗಿ ಅರಳಬೇಕು. ಹಾಗೆ ಅರಳಿದರೆ ಕಡುಬು ನಕ್ಕಿತೆಂದು ಹೇಳುತ್ತಾರೆ. ಬರುವ ವರ್ಷ ಮನೆಗೆ ಒಳಿತೆಂದು ನಂಬುತ್ತಾರೆ. ಅದು ಬೇಯುವಾಗ ಅಡುಗೆಮನೆಯಲ್ಲಿ ಯಾರೂ ಅಶುಭವಾದ ಮಾತನ್ನು ಆಡಬಾರದೆಂದು ಮಕ್ಕಳನ್ನು ಎಚ್ಚರಿಸುವ ರೂಢಿಯೂ ಹಲವು ಮನೆಗಳಲ್ಲಿದೆ.

ಈ ಕಡುಬಿನ ವಿಚಾರ ನಮ್ಮ ಮುಂದೆ ಬಂದುದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರದ ಮೂಲಕ. ಸಿಂಗಪುರದಲ್ಲಿ ಓದುತ್ತಿದ್ದ ಆಕೆಗೆ ಸೀಲಿಯಾಕ್ ಎಂಬ ರೋಗವುಂಟು. ಗೋಧಿಯ ಒಂದು ಚೂರೂ ಆಕೆಯ ಹೊಟ್ಟೆಗೆ ಹೋಗಬಾರದು. 2024ರ ಫೆಬ್ರವರಿ 10ರಂದು ಬಂದ ಹೊಸ ವರ್ಷಕ್ಕೆ ಚೀನೀ ಗೆಳತಿಯೊಬ್ಬಳು ಆಕೆಯನ್ನು ಮನೆಗೆ ಕರೆದಳು. ಗೆಳತಿಯ ಅಜ್ಜಿ ತಾವೇ ಬೇಯಿಸಿದ ಕಡುಬನ್ನು ಕೊಟ್ಟು, ಇದು ಅಕ್ಕಿಯದು, ಧೈರ್ಯವಾಗಿ ತಿನ್ನು ಎಂದರಂತೆ. ಎರಡು ದಿನ ಹೊಟ್ಟೆನೋವಿನಲ್ಲಿ ಮಲಗಿದ ಮೇಲೆ ವಿಚಾರಿಸಿದಾಗ ತಿಳಿದುದು, ಹಿಟ್ಟಿನಲ್ಲಿ ಮೂರನೆಯ ಒಂದು ಪಾಲು ಮೈದಾ ಇತ್ತು. ಅಜ್ಜಿಗೆ ಬಹಳ ಸಂಕಟವಾಯಿತು. ಆದರೆ ಅವರು ಒಂದು ಮಾತನ್ನು ಬಿಟ್ಟುಕೊಡಲಿಲ್ಲ: ಮೈದಾ ಇಲ್ಲದೆ ಕಡುಬು ನಗುವುದಿಲ್ಲ. ನಗದ ಕಡುಬನ್ನು ಹಬ್ಬದ ದಿನ ಪಿತೃಗಳ ಮುಂದೆ ಇಡುವುದು ಹೇಗೆ? ಇದು ನಿಜವೇ, ಗೋಧಿಯಿಲ್ಲದೆ ಕಡುಬು ಬಿರಿಯುವುದು ಅಸಾಧ್ಯವೇ ಎಂದು ಆಕೆ ನಮ್ಮನ್ನು ಕೇಳಿದ್ದಳು.

ಅಜ್ಜಿಯ ಮಾತು ಬರಿಯ ಮೂಢನಂಬಿಕೆಯಲ್ಲ. ಗೋಧಿಯ ಹಿಟ್ಟಿಗೆ ನೀರು ಹಾಕಿ ನಾದಿದ ಕಣಕವನ್ನು ನೀರಿನಲ್ಲಿ ಹಿಸುಕುತ್ತಾ ತೊಳೆದರೆ, ಪಿಷ್ಟವೆಲ್ಲ ಹಾಲಿನಂತೆ ಕರಗಿ ಹೋಗಿ, ಕೈಯಲ್ಲಿ ಬೂದುಬಣ್ಣದ ರಬ್ಬರಿನಂತಹ ಉಂಡೆಯೊಂದು ಉಳಿಯುತ್ತದೆ. ಇದೇ ಗ್ಲುಟೆನ್. ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಸಸಾರಜನಕಗಳು ನೀರಿನ ಸಹಾಯದಿಂದ ಒಂದಕ್ಕೊಂದು ಹೆಣೆದುಕೊಂಡು ಆದ ಬಲೆ ಇದು. ಚೀನೀಯರು ಇದನ್ನು ‘ಹಿಟ್ಟಿನ ಸ್ನಾಯು’ ಎಂಬ ಅರ್ಥ ಬರುವ ಹೆಸರಿನಿಂದ ಕರೆದು, ಮಾಂಸದ ಬದಲಿಗೆ ತಿನ್ನುತ್ತಿದ್ದರು. ಹನ್ನೊಂದನೆಯ ಶತಮಾನದ ವಿದ್ವಾಂಸ ಷೆನ್ ಕುವೊ, ಕಬ್ಬಿಣದೊಳಗೆ ಉಕ್ಕು ಅಡಗಿರುವ ಬಗೆಯನ್ನು ವಿವರಿಸುವಾಗ ಇದೇ ಹೋಲಿಕೆಯನ್ನು ಬಳಸಿದ್ದಾನೆ: ಹಿಟ್ಟನ್ನು ತೊಳೆದು ತೊಳೆದು ಸ್ನಾಯುವನ್ನು ಹೊರತೆಗೆಯುವಂತೆ, ಕಬ್ಬಿಣವನ್ನು ಕಾಯಿಸಿ ಬಡಿದು ಉಕ್ಕನ್ನು ಪಡೆಯಬೇಕೆಂಬುದು ಅವನ ಅಭಿಪ್ರಾಯ. ಯೂರೋಪಿನಲ್ಲಿ ಬೊಲೋನ್ಯದ ಬೆಕ್ಕಾರಿ ಗ್ಲುಟೆನನ್ನು ಬೇರ್ಪಡಿಸಿದ ವರದಿ ಅಚ್ಚಾದುದು 1745ರಲ್ಲಿ.

ಈ ಬಲೆ ಎಳೆದರೆ ಹಿಗ್ಗುತ್ತದೆ, ಬೇಗ ಹರಿಯುವುದಿಲ್ಲ. ಕಣಕದೊಳಗೆ ಹುಟ್ಟಿದ ಅನಿಲದ ಗುಳ್ಳೆಗಳನ್ನು ಅದು ಬಲೂನಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಬ್ರೆಡ್ಡು ಉಬ್ಬುವುದು ಇದರಿಂದ. ಅಕ್ಕಿಯಲ್ಲಿಯೂ ನೂರಕ್ಕೆ ಏಳು ಭಾಗದಷ್ಟು ಸಸಾರಜನಕವುಂಟು. ಆದರೆ ಅದು ಇಂತಹ ಬಲೆಯನ್ನು ಹೆಣೆಯಲಾರದು.

ಇದೇ ಗ್ಲುಟೆನ್ ಸೀಲಿಯಾಕ್ ರೋಗಿಗೆ ವಿಷಪ್ರಾಯ. ಅದರ ತುಣುಕುಗಳನ್ನು ಕಂಡೊಡನೆ ದೇಹದ ರಕ್ಷಣಾವ್ಯವಸ್ಥೆ ಕೆರಳಿ, ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರವನ್ನು ಹೀರುವ ಬೆರಳಿನಾಕಾರದ ಅಂಕುರಗಳನ್ನೇ ಹಾಳುಮಾಡುತ್ತದೆ. ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವನು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡು ಸಿಕ್ಕದೆ ಜನ ಹಸಿವಿನಿಂದ ಸತ್ತರು. ಆದರೆ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ದೊರೆತೊಡನೆ ಅವರ ರೋಗವೂ ಮರಳಿತು. ಅದಕ್ಕೂ ಮೊದಲೇ ಗೋಧಿಯನ್ನು ಶಂಕಿಸಿದ್ದ ಡಿಕೆ 1950ರಲ್ಲಿ ತನ್ನ ಮಹಾಪ್ರಬಂಧವನ್ನು ಸಲ್ಲಿಸಿದನು. ಇಂದಿಗೂ ಈ ರೋಗಕ್ಕೆ ಚಿಕಿತ್ಸೆಯೆಂದರೆ ಗ್ಲುಟೆನನ್ನು ಜೀವನಪರ್ಯಂತ ಬಿಡುವುದು. ಇಂತಹವರು ಅನೇಕ ದೇಶಗಳಲ್ಲಿ ನೂರಕ್ಕೆ ಒಬ್ಬರಂತೆ ಇದ್ದಾರೆ. ಹಬ್ಬದ ದಿನ ಎಲ್ಲರ ನಡುವೆ ಕುಳಿತು, ತಟ್ಟೆಯಲ್ಲಿ ಏನನ್ನೂ ಮುಟ್ಟದೆ ಏಳುವ ಕಷ್ಟ ಅವರಿಗೇ ಗೊತ್ತು.

ಈಗ ಭೌತಶಾಸ್ತ್ರಕ್ಕೆ ಬರೋಣ. ಬಲೆಯಿಲ್ಲದ ಅಕ್ಕಿಯ ಹಿಟ್ಟು ಗುಳ್ಳೆಗಳನ್ನು ಹಿಡಿದಿಡುವುದು ಹೇಗೆ?

ನಮ್ಮ ಇಡ್ಲಿಯನ್ನು ನೆನೆಯಿರಿ. ಅದರಲ್ಲಿಯೂ ಗ್ಲುಟೆನ್ ಇಲ್ಲ, ಆದರೂ ಉಬ್ಬುತ್ತದೆ. ಅಲ್ಲಿ ಉದ್ದಿನ ಲೋಳೆ ಆ ಕೆಲಸವನ್ನು ಮಾಡುತ್ತದೆ. ಚೀನೀ ಕಡುಬಿನಲ್ಲಿ ಉದ್ದೂ ಇಲ್ಲ. ಅಲ್ಲಿ ಉಳಿದಿರುವುದು ಅಕ್ಕಿಯ ಪಿಷ್ಟವೊಂದೇ. ತಣ್ಣನೆಯ ನೀರಿನಲ್ಲಿ ಪಿಷ್ಟದ ಕಣಗಳು ಮರಳಿನಂತೆ ತೇಲುತ್ತಿರುತ್ತವೆ. ಉಷ್ಣತೆ ಸುಮಾರು 65ರಿಂದ 75 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಅವು ನೀರನ್ನು ಹೀರಿ ಹಲವು ಪಟ್ಟು ಊದಿಕೊಳ್ಳುತ್ತವೆ, ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಗಂಜಿ ಗಟ್ಟಿಯಾಗುವುದು ಹೀಗೆಯೇ. ಅಲ್ಲಿಯವರೆಗೆ ದ್ರವವಾಗಿದ್ದುದು ಅಲ್ಲಿಂದ ಮುಂದೆ ಮೃದುವಾದ ಘನವಾಗುತ್ತದೆ. ಆ ಕ್ಷಣದಲ್ಲಿ ಗುಳ್ಳೆಗಳು ಹಿಟ್ಟಿನೊಳಗೇ ಇದ್ದರೆ ಸೆರೆಯಾದುವು; ಅಷ್ಟರೊಳಗೆ ಮೇಲೇರಿ ಒಡೆದುಹೋಗಿದ್ದರೆ ಕಡುಬು ಹಲಗೆಯಾಯಿತು. ಗೋಧಿಯ ಕಣಕದ ಗುಳ್ಳೆಗಳು ಗಂಟೆಗಟ್ಟಲೆ ಕಾಯಬಲ್ಲವು, ಅಕ್ಕಿಯವು ಕಾಯಲಾರವು. ಆದುದರಿಂದ ಅಕ್ಕಿಯ ಕಡುಬಿಗೆ ಬೇಕಾದುದು ವೇಗ.

ವೇಗವನ್ನು ಕೊಡುವುದು ಹಬೆ. 200 ಡಿಗ್ರಿಗೆ ಕಾದ ಒಲೆಪೆಟ್ಟಿಗೆಯೊಳಗಿನ ಗಾಳಿಗಿಂತ 100 ಡಿಗ್ರಿಯ ಹಬೆ ಬೇಗ ಬೇಯಿಸುತ್ತದೆಂದರೆ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ. ಲೆಕ್ಕ ಮಾಡಿ ನೋಡೋಣ. 200 ಡಿಗ್ರಿಯ ಒಂದು ಲೀಟರ್ ಗಾಳಿಯ ತೂಕ ಸುಮಾರು ಮುಕ್ಕಾಲು ಗ್ರಾಂ. ಅದು 100 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವ ಶಾಖ 18 ಕ್ಯಾಲರಿ ಮಾತ್ರ. 100 ಡಿಗ್ರಿಯ ಒಂದು ಲೀಟರ್ ಹಬೆಯ ತೂಕ ಇನ್ನೂ ಕಡಿಮೆ, ಸುಮಾರು 0.6 ಗ್ರಾಂ. ಆದರೆ ಪ್ರತಿ ಗ್ರಾಮಿನಲ್ಲಿಯೂ 540 ಕ್ಯಾಲರಿಯಷ್ಟು ಗುಪ್ತ ಶಾಖ ಅಡಗಿದೆ. ತಣ್ಣನೆಯ ಹಿಟ್ಟಿನ ಮೇಲೆ ಹಬೆ ನೀರಾಗಿ ಇಳಿದೊಡನೆ ಸುಮಾರು 320 ಕ್ಯಾಲರಿಗಳು ಹಿಟ್ಟಿನ ಪಾಲಾಗುತ್ತವೆ, ಎಂದರೆ ಗಾಳಿ ಕೊಟ್ಟುದರ ಹದಿನೇಳು ಹದಿನೆಂಟು ಪಟ್ಟು! ಅಷ್ಟೇ ಅಲ್ಲ, ನೀರಾದ ಹಬೆ ಬಿಟ್ಟ ಜಾಗಕ್ಕೆ ಹೊಸ ಹಬೆ ತಾನಾಗಿಯೇ ನುಗ್ಗುತ್ತದೆ. ಜೆಜಿಯಾಂಗ್ ಪ್ರಾಂತದ ಹೆಮುಡು ಎಂಬಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ನೆಲೆಯನ್ನು 1973ರಿಂದ ಅಗೆದಾಗ, ಅಕ್ಕಿಯ ಅವಶೇಷಗಳ ಜೊತೆಗೆ ತಳದಲ್ಲಿ ತೂತುಗಳಿರುವ ಹಬೆಯ ಮಡಕೆಗಳೂ ದೊರೆತವು. ಗೋಧಿ ಪಶ್ಚಿಮದಿಂದ ಚೀನಕ್ಕೆ ಬಂದುದು ಅದಾದ ಎಷ್ಟೋ ಕಾಲದ ಮೇಲೆ. ಅಕ್ಕಿಯನ್ನು ಹಬೆಯಲ್ಲಿ ಬೇಯಿಸುವುದೇ ಆ ದೇಶದ ಹಳೆಯ ಪದ್ಧತಿ; ಮೈದಾ ಆಮೇಲೆ ಬಂದ ಅತಿಥಿ.

ಇನ್ನು ಉಬ್ಬುವಿಕೆ. ಹಿಂದೆ ಹುಳಿಬಂದ ಹಳೆಯ ಹಿಟ್ಟನ್ನೋ ಯೀಸ್ಟನ್ನೋ ಬೆರೆಸಿ ಹುದುಗಿಸುತ್ತಿದ್ದರು. ಯೀಸ್ಟು ಒಂದು ಗ್ರಾಂ ಸಕ್ಕರೆಯನ್ನು ಪೂರ್ತಿಯಾಗಿ ಹುದುಗಿಸಿದರೆ ಸುಮಾರು 290 ಘನ ಸೆಂಟಿಮೀಟರ್ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಈಗ ಬಹು ಮಂದಿ ಬೇಕಿಂಗ್ ಪೌಡರನ್ನೇ ಬಳಸುತ್ತಾರೆ. ಅದರಲ್ಲಿಯೂ ಬರುವುದು ಅದೇ ಅನಿಲ. ಆದರೆ ಕಡುಬನ್ನು ಉಬ್ಬಿಸುವುದು ಈ ಅನಿಲ ಒಂದೇ ಎಂದು ತಿಳಿಯುವುದು ತಪ್ಪು. 30 ಡಿಗ್ರಿಯಿಂದ 80 ಡಿಗ್ರಿಗೆ ಕಾದ ಅನಿಲ, ಚಾರ್ಲ್ಸನ ನಿಯಮದಂತೆ, ಆರರಲ್ಲಿ ಒಂದು ಪಾಲು ಮಾತ್ರ ಹಿಗ್ಗುತ್ತದೆ. ಇಷ್ಟರಿಂದ ಯಾವ ಕಡುಬೂ ಬಿರಿಯದು.

ಇಲ್ಲಿ ನಾವು ಮರೆಯುವುದು ಗುಳ್ಳೆಯೊಳಗಿನ ನೀರಾವಿಯನ್ನು. ಗುಳ್ಳೆಯ ಸುತ್ತ ಒದ್ದೆ ಹಿಟ್ಟು ಇರುವುದರಿಂದ ಅದು ಯಾವಾಗಲೂ ಆವಿಯಿಂದ ತುಂಬಿರುತ್ತದೆ. 30 ಡಿಗ್ರಿಯಲ್ಲಿ ಈ ಆವಿಯ ಒತ್ತಡ 32 ಮಿಲಿಮೀಟರ್ ಪಾದರಸ. 80 ಡಿಗ್ರಿಯಲ್ಲಿ 355. 90 ಡಿಗ್ರಿಯಲ್ಲಿ 526. ಗುಳ್ಳೆಯ ಒಟ್ಟು ಒತ್ತಡ ಹೊರಗಿನ ವಾಯುಭಾರದಷ್ಟು, ಎಂದರೆ 760 ಮಿಲಿಮೀಟರಿನ ಸುಮಾರಿಗೆ ಇರಬೇಕಾದುದರಿಂದ, ಆವಿಯ ಪಾಲು ಹೆಚ್ಚಿದಂತೆ ಒಣ ಅನಿಲದ ಪಾಲು ಇಳಿಯಬೇಕು. ಅದು ಇಳಿಯಬೇಕಾದರೆ ಗುಳ್ಳೆ ದೊಡ್ಡದಾಗಬೇಕು. 30 ಡಿಗ್ರಿಯಲ್ಲಿ ಒಣ ಅನಿಲದ ಪಾಲು 728. 80 ಡಿಗ್ರಿಯಲ್ಲಿ 405. ಲೆಕ್ಕ ಹಾಕಿದರೆ 80 ಡಿಗ್ರಿಯಲ್ಲಿ ಗುಳ್ಳೆ ಮೊದಲಿನ ಎರಡರಷ್ಟಕ್ಕೂ ತುಸು ಹೆಚ್ಚಾಗುತ್ತದೆ. 90 ಡಿಗ್ರಿಯಲ್ಲಿ, ಗೋಡೆ ಬಿಟ್ಟುಕೊಟ್ಟರೆ, ಮೂರೂಮುಕ್ಕಾಲರಷ್ಟಾಗುತ್ತದೆ! ಸೋಡ ಮಾಡುವುದು ಗುಳ್ಳೆಯ ಬೀಜವನ್ನು ಬಿತ್ತುವ ಕೆಲಸ. ಅದನ್ನು ಬೆಳೆಸುವುದು ನೀರಾವಿ. ಸೋಡ ಹೆಚ್ಚು ಹಾಕಿದರೆ ಕಡುಬು ಹೆಚ್ಚು ನಗುತ್ತದೆಂದು ಭಾವಿಸಿ ಅದನ್ನು ಕಹಿಮಾಡುವವರು ಈ ಲೆಕ್ಕವನ್ನು ಗಮನಿಸಬೇಕು.

ಈಗ ನಗುವಿನ ಗುಟ್ಟು ಬಯಲಾಗುತ್ತದೆ. ಬಟ್ಟಲು ಆಳವಾಗಿರಲಿ, ಕಿರಿದಾಗಿರಲಿ, ಹಿಟ್ಟು ಕಂಠದವರೆಗೆ ತುಂಬಿರಲಿ. ಕುದಿಯುವ ನೀರಿನ ಮೇಲೆ ಇಟ್ಟೊಡನೆ ಹಬೆ ಮೇಲ್ಮೈಯನ್ನು ಬೇಯಿಸಿ ಅಲ್ಲಿ ಗಟ್ಟಿಯಾದ ತೆಳುಚರ್ಮವೊಂದನ್ನು ಮೂಡಿಸುತ್ತದೆ. ಒಳಗಿನ ಹಿಟ್ಟು ಇನ್ನೂ ದ್ರವವಾಗಿಯೇ ಇದೆ. ಶಾಖ ಅಲ್ಲಿಗೆ ಮೆಲ್ಲಗೆ ತಲುಪುತ್ತದೆ. ತಲುಪಿದಾಗ ಒಳಗಿನ ಗುಳ್ಳೆಗಳು ಹಿಗ್ಗಿ ಚರ್ಮವನ್ನು ಕೆಳಗಿನಿಂದ ನೂಕುತ್ತವೆ. ಬಟ್ಟಲಿನ ಗೋಡೆ ಸುತ್ತಲೂ ತಡೆದಿರುವುದರಿಂದ ಹಿಗ್ಗಲು ದಾರಿ ಮೇಲಕ್ಕೆ ಮಾತ್ರ. ಚರ್ಮ ನಡುವಿನಲ್ಲಿ ಹರಿಯುತ್ತದೆ. ನೆತ್ತಿಯ ಮೇಲೆ ಬಿಗಿತ ಎಲ್ಲ ದಿಕ್ಕಿಗೂ ಸಮನಾಗಿರುವಾಗ ಒಂದೇ ಸೀಳು ಅದನ್ನು ಒಂದು ದಿಕ್ಕಿನಲ್ಲಿ ಮಾತ್ರ ಸಡಿಲಿಸೀತು. ಒಂದು ಬಿಂದುವಿನಿಂದ ಹೊರಟ ಮೂರು ಸೀಳುಗಳು ಎಲ್ಲ ಕಡೆಗೂ ಸಡಿಲಿಸುತ್ತವೆ. ಮೂರು ಎಸಳುಗಳು ಸಹಜವಾಗಿ ಮೂಡುವುದು ಹೀಗೆ. ನಾಲ್ಕು ಬೇಕೆನ್ನುವವರು ಎಣ್ಣೆಯಲ್ಲಿ ಅದ್ದಿದ ಕಡ್ಡಿಯಿಂದ ಹಸಿಹಿಟ್ಟಿನ ಮೇಲೆ ಕೂಡುಗುರುತಿನಂತೆ ಗೆರೆ ಎಳೆಯುತ್ತಾರೆ. ಎಣ್ಣೆಯಿದ್ದ ಕಡೆ ಚರ್ಮ ಸರಿಯಾಗಿ ಬೆಸೆಯುವುದಿಲ್ಲವಾಗಿ ಅಲ್ಲಿಯೇ ಬಿರಿಯುತ್ತದೆ. ಉರಿ ಮಂದವಾಗಿದ್ದರೆ ಹೊರಗೂ ಒಳಗೂ ಹೆಚ್ಚು ಅಂತರವಿಲ್ಲದೆ ಬೆಂದು, ಕಡುಬು ಬೋಳುತಲೆಯಂತೆ ನುಣ್ಣಗೆ ಉಳಿಯುತ್ತದೆ. ಇದರಲ್ಲಿ ಗೋಧಿಗೆ ಅನಿವಾರ್ಯವಾದ ಕೆಲಸ ಎಲ್ಲಿದೆ? ಎಲ್ಲಿಯೂ ಇಲ್ಲ.

ಹೀಗೆಂದು ಉತ್ತರ ಬರೆಯುವ ಮೊದಲು ಮಾಡಿ ನೋಡುವುದು ಯುಕ್ತವೆಂದು ತೋರಿತು. ಮೊದಲ ಸಲ ಸೋಮಾರಿತನದಿಂದ ಇಡ್ಲಿ ತಟ್ಟೆಗೇ ಹೊಯ್ದೆವು. ಉಬ್ಬಿತು, ನಗಲಿಲ್ಲ. ಶಾಖ ಒಳಗಿಳಿಯಲು ಬೇಕಾಗುವ ಕಾಲ ದಪ್ಪದ ವರ್ಗದಂತೆ ಏರುವುದರಿಂದ, ತೆಳ್ಳನೆಯ ಇಡ್ಲಿಯ ಹೊರಗೂ ಒಳಗೂ ಬೇಯುವ ಹೊತ್ತಿನಲ್ಲಿ ಬಹಳ ವ್ಯತ್ಯಾಸವಿರುವುದಿಲ್ಲ. ಎರಡನೆಯ ಸಲ ಸ್ಟೀಲಿನ ಪುಟ್ಟ ಲೋಟಗಳನ್ನು ಬಳಸಿದೆವು. ಆದರೆ ಕುತೂಹಲ ತಡೆಯದೆ ಎಂಟು ನಿಮಿಷಕ್ಕೆ ಮುಚ್ಚಳ ತೆಗೆದೆವು. ತಣ್ಣನೆಯ ಗಾಳಿ ಸೋಕಿ ಗುಳ್ಳೆಯೊಳಗಿನ ಆವಿ ನೀರಾಯಿತು. ನಮ್ಮ ಕಣ್ಣೆದುರಿಗೇ ನೆತ್ತಿಗಳು ಕುಸಿದವು. ತರಗತಿಯಲ್ಲಿ ಬಾಷ್ಪದ ಒತ್ತಡವನ್ನು ವರ್ಷಗಟ್ಟಲೆ ಬೋಧಿಸಿದವರಿಗೆ ಇದಕ್ಕಿಂತ ನಾಚಿಕೆಯಿಲ್ಲ. ಮೂರನೆಯ ಸಲ ಐದು ಲೋಟಗಳಲ್ಲಿ ನಾಲ್ಕು ನಕ್ಕವು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅದರಿಂದ ಬಾಧೆಯೇನೂ ಕಾಣಲಿಲ್ಲ, ಪಿಷ್ಟ ಗಟ್ಟಿಯಾಗಲು ಅಷ್ಟು ಉಷ್ಣತೆ ಧಾರಾಳವಾಗಿ ಸಾಕು.

ಆ ಮೂರನೆಯ ಸಲದ ಅಳತೆ ಇದು. 100 ಗ್ರಾಂ ಕಂದು ಸಕ್ಕರೆಯನ್ನು 200 ಮಿಲಿಲೀಟರ್ ಬಿಸಿನೀರಿನಲ್ಲಿ ಕರಗಿಸಿ ಆರಿಸಿ, 200 ಗ್ರಾಂ ನಯವಾದ ಅಕ್ಕಿಹಿಟ್ಟಿಗೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ಹಿಟ್ಟಿನ ಕಣಗಳು ನೆನೆಯಲು ಇಷ್ಟು ಕಾಲ ಬೇಕು. ಸಕ್ಕರೆ ಇಲ್ಲಿ ಸಿಹಿಗಾಗಿ ಮಾತ್ರವಲ್ಲ. ಅದು ನೀರನ್ನು ತನ್ನ ಕಡೆಗೆ ಹಿಡಿದುಕೊಂಡು ಪಿಷ್ಟ ಗಟ್ಟಿಯಾಗುವ ಉಷ್ಣತೆಯನ್ನು ಕೆಲವು ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಒಳಗಿನ ಗುಳ್ಳೆಗಳಿಗೆ ಹಿಗ್ಗಲು ಅಷ್ಟು ಅವಕಾಶ ದೊರೆಯುತ್ತದೆ. ಹಬೆ ಭರದಿಂದ ಏಳುತ್ತಿರುವಾಗ, ಕೊನೆಯಲ್ಲಿ, ಎರಡು ಚಹಾ ಚಮಚ ಬೇಕಿಂಗ್ ಪೌಡರ್ ಬೆರೆಸಿ, ಲೋಟಗಳ ಕಂಠದವರೆಗೆ ತುಂಬಿ, ಕೂಡಲೇ ಒಳಗಿಟ್ಟು, ಜೋರು ಉರಿಯಲ್ಲಿ ಇಪ್ಪತ್ತು ನಿಮಿಷ ಮುಚ್ಚಳ ಮುಟ್ಟದೆ ಬೇಯಿಸಬೇಕು. ಚೀನೀಯರ ಬಿದಿರಿನ ಮುಚ್ಚಳ ಹಬೆಯ ನೀರನ್ನು ಹೀರಿಕೊಳ್ಳುತ್ತದೆ; ಲೋಹದ ಮುಚ್ಚಳವಾದರೆ ಬಟ್ಟೆ ಕಟ್ಟಿ, ಹನಿ ಬೀಳದಂತೆ ನೋಡಿಕೊಳ್ಳಬೇಕು.

ಅಕ್ಕಿಯ ಜಾತಿಯೂ ಮುಖ್ಯ. ಹೊಸ ವರ್ಷದ ಇನ್ನೊಂದು ಕಡುಬಾದ ‘ನಿಯನ್ ಗಾವೊ’ವನ್ನು ಅಂಟಕ್ಕಿಯಿಂದ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ಲುಟಿನಸ್ ರೈಸ್’ ಎಂದು ಹೆಸರಿರುವುದರಿಂದ ಅದರಲ್ಲಿ ಗ್ಲುಟೆನ್ ಇದೆಯೆಂದು ಹೆದರುವವರುಂಟು. ಹೆಸರು ಮೋಸಗೊಳಿಸುತ್ತದೆ, ಅದರ ಅಂಟಿಗೆ ಕಾರಣ ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಪಿಷ್ಟ. ರೋಗಿಗೆ ಅದರಿಂದ ಅಪಾಯವಿಲ್ಲ. ಆದರೆ ನಗುವ ಕಡುಬಿಗೆ ಅದು ಒಗ್ಗದು. ಅಂಟಂಟಾಗಿ ಜಗ್ಗುತ್ತದೆ, ಬಿರಿದು ನಿಲ್ಲುವುದಿಲ್ಲ. ಇದಕ್ಕೆ ಅಮೈಲೋಸ್ ಎಂಬ ನೀಳವಾದ ಪಿಷ್ಟವುಳ್ಳ ಸಾಧಾರಣ ಅಕ್ಕಿಯೇ ಬೇಕು. ಆರಿದ ಮೇಲೆ ಪಿಷ್ಟದ ಅಣುಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುವುದರಿಂದ ಮರುದಿನ ಕಡುಬು ಕಲ್ಲಾಗುತ್ತದೆ. ಐದು ನಿಮಿಷ ಹಬೆಗಿಟ್ಟರೆ ಮೆತ್ತಗಾಗುತ್ತದೆ.

ನಿಜವಾದ ಅಪಾಯ ಇರುವುದು ಕಾಣದ ಕಡೆಗಳಲ್ಲಿ. ಗ್ಲುಟೆನ್‌ರಹಿತ ಎನಿಸಿಕೊಳ್ಳಲು ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ವಿಧಿಸಿರುವ ಮಿತಿ ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂ. ಮೈದಾದ ಒಂದು ಗ್ರಾಮಿನಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇದೆಯೆಂದಿಟ್ಟುಕೊಂಡರೆ, ಒಂದು ಕಿಲೋ ಅಕ್ಕಿಹಿಟ್ಟಿನಲ್ಲಿ ಕಾಲು ಗ್ರಾಂ ಮೈದಾ ಬೆರೆತರೂ ಮಿತಿ ಮುಟ್ಟಿತು. ಗೋಧಿ ಬೀಸಿದ ಗಿರಣಿಯಲ್ಲಿಯೇ ಅಕ್ಕಿಯನ್ನು ಬೀಸಿದರೆ ಅಷ್ಟು ಬೆರೆಯುವುದು ಸುಲಭ. ನಾವು ಪ್ರಯೋಗಕ್ಕೆ ಬಳಸಿದ ಹಿಟ್ಟು ಅಂತಹುದೇ ಆಗಿದ್ದಿತು. ನಮ್ಮ ಕಡುಬನ್ನು ಆಕೆ ತಿನ್ನುವಂತಿರಲಿಲ್ಲ. ಕೆಲವು ಬೇಕಿಂಗ್ ಪೌಡರುಗಳಲ್ಲಿ ಗೋಧಿಯ ಪಿಷ್ಟ ಬೆರೆಸಿರುವುದುಂಟು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಆದುದರಿಂದ ಅದೇ ಹಬ್ಬದ ಮೂಲಂಗಿಯ ಕಡುಬು ಅಕ್ಕಿಹಿಟ್ಟಿನದೇ ಆಗಿದ್ದರೂ, ಸೋಯಾ ಸಾಸಿನ ಜೊತೆಗೆ ಬಡಿಸಿದಾಗ ನಿರಪಾಯವಲ್ಲ. ಮನೆಯ ಬಿದಿರಿನ ಹಬೆಪೆಟ್ಟಿಗೆಯಲ್ಲಿ ಹಿಂದೆ ಮೈದಾದ ಬನ್ನುಗಳನ್ನು ಬೇಯಿಸಿದ್ದರೆ ಬಿದಿರಿನ ಸಂದುಗಳಲ್ಲಿ ಅದು ಉಳಿದಿರುತ್ತದೆ. ಬೇಯಿಸಿದರೆ ಗ್ಲುಟೆನ್ ನಾಶವಾಗುವುದಿಲ್ಲ. ಇವೆಲ್ಲವನ್ನೂ ಬರೆದು, ಗ್ಲುಟೆನ್‌ರಹಿತವೆಂದು ಗುರುತುಳ್ಳ ಅಕ್ಕಿಹಿಟ್ಟು, ಹೊಸ ಪಿಂಗಾಣಿ ಬಟ್ಟಲು, ಚೆನ್ನಾಗಿ ಉಜ್ಜಿದ ಲೋಹದ ಹಬೆಪಾತ್ರೆ ಇವನ್ನೇ ಬಳಸಬೇಕೆಂದು ತಿಳಿಸಿದೆವು.

2025ರ ಹೊಸ ವರ್ಷ ಜನವರಿ 29ರಂದು ಬಂದಿತು. ಅದಾದ ವಾರದ ಮೇಲೆ ಆಕೆಯ ಪತ್ರ ಬಂದಿತು. ಅಜ್ಜಿ ಹೊಸ ಬಟ್ಟಲುಗಳನ್ನು ತಾವೇ ಕೊಂಡುತಂದಿದ್ದರಂತೆ. ಮೈದಾ ಡಬ್ಬಿಯನ್ನು ಹಿಂದಿನ ದಿನವೇ ಪಕ್ಕದ ಮನೆಗೆ ಕಳುಹಿಸಿದ್ದರು. ಬೇಯುತ್ತಿದ್ದ ಇಪ್ಪತ್ತು ನಿಮಿಷವೂ ಒಲೆಯ ಮುಂದೆ ಮಾತಾಡದೆ ನಿಂತಿದ್ದರು. ಯಾರನ್ನೂ ಮುಚ್ಚಳದ ಹತ್ತಿರ ಬಿಡಲಿಲ್ಲ. ಆರು ಕಡುಬುಗಳಲ್ಲಿ ನಾಲ್ಕು ಬಿರಿದವು, ಎರಡು ಬಿರಿಯಲಿಲ್ಲ. ಬಿರಿದವುಗಳಲ್ಲಿ ಮೂರನ್ನು ಪಿತೃಗಳ ಮುಂದೆ ಇಟ್ಟು, ಒಂದನ್ನು ಆಕೆಯ ತಟ್ಟೆಗೆ ಹಾಕಿದರು. ಬಿರಿಯದ ಎರಡನ್ನು ಅಜ್ಜಿ, ಬಟ್ಟಲುಗಳು ಪಾತ್ರೆಯ ಅಂಚಿಗೆ ತಗುಲಿಕೊಂಡಿದ್ದುದರಿಂದ ಹೀಗಾಯಿತೆಂದು ಹೇಳುತ್ತಾ, ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಮುಗಿಸಿದರಂತೆ.